ಮೇಲೆ ಹಳೇ ಸೋಲಾರ್ ಪ್ಯಾನಲ್, ಕೆಳಗೆ ಕೊತ್ತಂಬರಿ: ಒಂದು ವರ್ಷದ ಅನುಭವ

ಗುಜರಿಗೆ ಹೋಗಬೇಕಿದ್ದ ಸೋಲಾರ್ ಪ್ಯಾನಲ್ ತಂದು, ಎತ್ತರಕ್ಕೆ ಚಪ್ಪರ ಕಟ್ಟಿ, ಅದರ ಕೆಳಗೆ ಸೊಪ್ಪು ತರಕಾರಿ ಬೆಳೆಯುವ ಕೆಲಸ ಕೊನೆಗೂ ಒಂದು ಹದಕ್ಕೆ ಬಂತು. ಬೇಸಿಗೆ, ಆಷಾಢದ ಗಾಳಿ, ಮಳೆ, ಚಳಿ ಎಲ್ಲವನ್ನೂ ಒಂದು ಸುತ್ತು ನೋಡಿಯಾಯಿತು. ಈಗ ಬೇಲಿ ಪಕ್ಕ ಬೈಕ್ ನಿಲ್ಲಿಸಿ ವಿಚಾರಿಸುವವರು ಜಾಸ್ತಿಯಾಗಿದ್ದಾರೆ. ಎಲ್ಲರೂ ಮೊದಲು ಕೇಳುವುದು, "ಪ್ಯಾನಲ್ ಎಷ್ಟಕ್ಕೆ ಬಿತ್ತು?" ಕೇಳಬೇಕಾದ್ದು ಕಬ್ಬಿಣ ಎಷ್ಟಕ್ಕೆ ಬಿತ್ತು ಅಂತ. ದುಡ್ಡು ಹೋಗುವುದು ಅಲ್ಲಿಗೆ.

ನಮ್ಮದು ಚಿಕ್ಕಬಳ್ಳಾಪುರದ ಕಡೆ. ಬೋರ್‌ವೆಲ್ ಇದೆ, ಆದರೆ ತ್ರೀ ಫೇಸ್ ಕರೆಂಟ್ ಬರುವುದು ಹೆಚ್ಚಾಗಿ ರಾತ್ರಿ. ಬಂದಾಗ ನೀರನ್ನು ಕೃಷಿ ಹೊಂಡಕ್ಕೆ ಬಿಟ್ಟುಕೊಳ್ಳುತ್ತೇವೆ. ಹಗಲಲ್ಲಿ ಹೊಂಡದಿಂದ 3 ಎಚ್‌ಪಿ ಮೋಟರಿನಲ್ಲಿ ಡ್ರಿಪ್‌ಗೆ ಕೊಡಬೇಕು. ಹಗಲಲ್ಲಿ ಕರೆಂಟೇ ಇಲ್ಲವಲ್ಲ, ಅದೇ ಗೋಳು. ಹೊಂಡದಿಂದ ಎತ್ತುವ ಕೆಲಸಕ್ಕೆ ಮಾತ್ರ ಸೋಲಾರ್ ಸಾಕು ಅನ್ನಿಸಿತು. ಸಾವಿರ ಅಡಿ ದಾಟಿದ ಬೋರ್‌ವೆಲ್ಲನ್ನು ಹಳೇ ಪ್ಯಾನಲ್‌ನಲ್ಲಿ ಓಡಿಸುವ ಆಸೆ ನನಗಿರಲಿಲ್ಲ. ನೀವೂ ಇಟ್ಟುಕೊಳ್ಳಬೇಡಿ.

ಮೊದಲೇ ಒಂದು ಮಾತು. ರೈತರಿಗೆ ಸಬ್ಸಿಡಿಯಲ್ಲಿ ಸೋಲಾರ್ ಪಂಪ್ ಕೊಡುವ ಪಿಎಂ ಕುಸುಮ್ ಯೋಜನೆಯ ಬಿ ಭಾಗದಲ್ಲಿ ನಮ್ಮ ರಾಜ್ಯದಲ್ಲಿ ಕೇಂದ್ರ ಶೇ 30, ರಾಜ್ಯ ಶೇ 50 ಕೊಟ್ಟು, ರೈತ ಶೇ 20 ಹಾಕುವ ಲೆಕ್ಕ ಇತ್ತು. ಅದು ಈಗಲೂ ಸಿಗುವಂತಿದ್ದರೆ ಈ ಹಳೇ ಪ್ಯಾನಲ್ ಉಸಾಬರಿಗೆ ಹೋಗಲೇಬೇಡಿ. ಅದು ಕರೆಂಟ್ ಸಂಪರ್ಕ ಇಲ್ಲದ ಹೊಲಗಳಿಗೆ ಮಾಡಿದ್ದು. ನನ್ನ ಹೊಲದಲ್ಲಿ ಸಂಪರ್ಕ ಆಗಲೇ ಇತ್ತು. ಹಳೇ ಪ್ಯಾನಲ್‌ಗೆ ಯಾವ ಸಬ್ಸಿಡಿಯೂ ಇಲ್ಲ. ಸೊಸೈಟಿಯಲ್ಲಿ ಸಾಲ ಕೇಳಿದರೆ ಹೊಸ ಸಾಮಾನಿನ ಕೊಟೇಶನ್ ತನ್ನಿ ಅಂದರು. ಕೊನೆಗೆ ಮನೆಯ ಚಿನ್ನ ಇಟ್ಟೆ. "ಹಳೇದನ್ನ ತಂದು ತಲೆ ಮೇಲೆ ಕಟ್ಕೊಳ್ತೀರಾ?" ಅಂತ ಮನೆಯವಳು ಕೇಳಿದಾಗ ಹೇಳೋಕೆ ಉತ್ತರ ಇರಲಿಲ್ಲ. ಬಳೆ ಬಿಚ್ಚಿ ಕೊಟ್ಟಳು, ಮಾತು ಮಾತ್ರ ಎರಡು ದಿನ ಬಿಟ್ಟಳು.

ಹೊಸ ಪ್ಯಾನಲ್ ಯಾಕೆ ತರಲಿಲ್ಲ ಅಂತ ಕೇಳಬಹುದು. ನನಗೆ ಸಿಕ್ಕ ಕೊಟೇಶನ್ ವ್ಯಾಟಿಗೆ 17 ರೂಪಾಯಿ ಇತ್ತು, ಹಳೇದು 9 ರೂಪಾಯಿ. ಆದರೆ ತೂಕ ಬಿದ್ದದ್ದು ವೋಲ್ಟೇಜ್ ಕಡೆ. ನಮ್ಮ ಹೊಲದ ತ್ರೀ ಫೇಸ್ ಮೋಟರು 415 ವೋಲ್ಟಿನದು. ಅದನ್ನು ಸೋಲಾರ್ ಕಂಟ್ರೋಲರಿನಲ್ಲಿ (ಪ್ಯಾನಲ್‌ನ ಡಿಸಿಯನ್ನು ಮೋಟರಿಗೆ ಬೇಕಾದ ಎಸಿ ಮಾಡುವ ಪೆಟ್ಟಿಗೆ) ಓಡಿಸಲು ಪ್ಯಾನಲ್‌ಗಳನ್ನು ಸರಣಿಯಲ್ಲಿ ಸೇರಿಸಿ 550 ವೋಲ್ಟಿನ ಆಸುಪಾಸು ಡಿಸಿ ಕೊಡಬೇಕು. ಈಗಿನ 550 ವ್ಯಾಟಿನ ಪ್ಯಾನಲ್ ಕೊಡುವುದು ಸುಮಾರು 42 ವೋಲ್ಟ್. ಹಾಗಾಗಿ 13 ಬೇಕು, ಅಂದರೆ 7 ಸಾವಿರ ವ್ಯಾಟಿಗೂ ಜಾಸ್ತಿ. 3 ಎಚ್‌ಪಿಗೆ ಅಷ್ಟು ಯಾಕೆ? ಹತ್ತು ವರ್ಷದ ಹಿಂದಿನ 72 ಸೆಲ್ಲಿನ 310 ವ್ಯಾಟ್ ಪ್ಯಾನಲ್ 36 ವೋಲ್ಟ್ ಕೊಡುತ್ತದೆ. 16 ಸೇರಿಸಿದರೆ 576. ಲೇಬಲ್ ಪ್ರಕಾರ 4,960 ವ್ಯಾಟ್. ಹಳತಾಗಿ ಕಳೆದದ್ದು, ಬಿಸಿಲಿನ ಕಾವಿಗೆ ಕಳೆಯುವುದು ಎಲ್ಲ ತೆಗೆದರೂ ಮಧ್ಯಾಹ್ನ ನಾಲ್ಕು ಸಾವಿರದ ಹತ್ತಿರ ಸಿಗುತ್ತದೆ. ಮೋಟರಿಗೆ ಮೂರು ಸಾವಿರದೊಳಗೆ ಸಾಕು. ಉಳಿದದ್ದು ಬೆಳಿಗ್ಗೆ ಬೇಗ ಶುರುವಾಗಲು, ಮೋಡ ಬಂದಾಗ ತಡೆದುಕೊಳ್ಳಲು. ಇನ್ನೊಂದು, ನಮಗೆ ನೆರಳೂ ಬೇಕಲ್ವಾ? ಅದೇ ವ್ಯಾಟಿಗೆ ಹಳೇ ಪ್ಯಾನಲ್ ಜಾಸ್ತಿ ಜಾಗ ತಿನ್ನುತ್ತದೆ ಅಂತ ಎಲ್ಲರೂ ದೂರುತ್ತಾರೆ. ಸೊಪ್ಪು ಬೆಳೆಯುವವನಿಗೆ ಆ ಜಾಗವೇ ಲಾಭ.

18 ಹಾಕಿದರೆ ಇನ್ನೂ ಚೆನ್ನಾಗಿರುತ್ತದೆ ಅಂತ ಒಬ್ಬರು ಹೇಳಿದರು. ಲೋಡ್ ಇಲ್ಲದಾಗ ಒಂದೊಂದರ ವೋಲ್ಟೇಜ್ 45ರ ಹತ್ತಿರ ಇರುತ್ತದೆ. 18 ಆದರೆ 800 ಮುಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಇನ್ನೂ ಏರುತ್ತದೆ. ನನ್ನ ಕಂಟ್ರೋಲರಿನ ಮಿತಿಯೇ 800. ಸುಟ್ಟು ಹೋಗುತ್ತದೆ ಅಷ್ಟೇ. ನಿಮ್ಮ ಕಂಟ್ರೋಲರಿನ ಮೇಲೆ ಬರೆದಿರುವ ಮಿತಿಯನ್ನು ಓದಿಕೊಂಡೇ ಪ್ಯಾನಲ್ ಎಣಿಸಿ.

ಹೊಸಕೋಟೆ ಕಡೆಯ ಒಂದು ಗೋಡೌನಿನಲ್ಲಿ ಮಾಲು ಸಿಕ್ಕಿತು. ಯಾವುದೋ ಕಾರ್ಖಾನೆ ಚಾವಣಿಯ ಶೀಟ್ ಬದಲಾಯಿಸುವಾಗ ಇಳಿಸಿದ್ದವು. ಮಾರುವವನು ಮಲ್ಟಿಮೀಟರ್ ಹಿಡಿದು, "ನೋಡಿ ಸರ್, 44 ವೋಲ್ಟ್ ಬರ್ತಿದೆ, ಹೊಸದರ ಹಾಗೇ ಇದೆ" ಅಂದ. ವೋಲ್ಟೇಜ್ ಮಂದ ಬೆಳಕಲ್ಲೂ ಬರುತ್ತದೆ, ಅರ್ಧ ಸತ್ತ ಪ್ಯಾನಲ್‌ನಲ್ಲೂ ಬರುತ್ತದೆ. ಕರೆಂಟ್, ಅಂದರೆ ಆಂಪಿಯರ್, ಅಳೆಯಬೇಕು. ಅದಕ್ಕೆ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು. ಸಾಮಾನ್ಯ ಎಲೆಕ್ಟ್ರಿಷಿಯನ್ ಹತ್ತಿರ ಇರುವುದು ಎಸಿ ಮಾತ್ರ ತೋರಿಸುತ್ತದೆ. ನಮ್ಮೂರಿನ ಮೋಟರ್ ರಿಪೇರಿ ಹುಡುಗನನ್ನೂ, ಕರೆಂಟ್ ಸೋರುತ್ತದೆಯೇ ಅಂತ ನೋಡುವ ಅವನ ಮೆಗ್ಗರನ್ನೂ, ಪ್ಯಾನಲ್ ಎಷ್ಟು ವ್ಯಾಟ್ ಕೊಡುತ್ತದೆ ಅಂತ ತೋರಿಸುವ, ಆನ್‌ಲೈನ್‌ನಲ್ಲಿ ತರಿಸಿದ ಒಂದು ಸಣ್ಣ ಎಂಪಿಪಿಟಿ ಟೆಸ್ಟರನ್ನೂ ಕರೆದುಕೊಂಡು ಹೋಗಿದ್ದೆ. ಮೂರಕ್ಕೂ ಊಟ ಹಾಕಿಸಿದ್ದು ಸಾರ್ಥಕವಾಯಿತು.

ಹನ್ನೊಂದರಿಂದ ಎರಡು ಗಂಟೆಯೊಳಗೆ, ಮೋಡ ಇಲ್ಲದಾಗ, ಒಂದೇ ಕೋನದಲ್ಲಿ ಬಿಸಿಲಿಗೆ ಒರಗಿಸಿ ಅಳೆದೆವು. ಆ ದಿನದ ಬಿಸಿಲು ಲೇಬಲ್ ಲೆಕ್ಕದ ಬಿಸಿಲಲ್ಲ. ಹಾಗಾಗಿ ಲೇಬಲ್ ಜೊತೆ ಹೋಲಿಸುವುದಕ್ಕಿಂತ ಒಂದನ್ನೊಂದು ಹೋಲಿಸಿ. ಯಾಕೆಂದರೆ ಸರಣಿಯಲ್ಲಿ ಕಟ್ಟಿದ ಮೇಲೆ ಎಲ್ಲಕ್ಕಿಂತ ಕಡಿಮೆ ಕರೆಂಟ್ ಕೊಡುವ ಪ್ಯಾನಲ್ಲೇ ಉಳಿದೆಲ್ಲವನ್ನೂ ಹಿಂದಕ್ಕೆ ಎಳೆಯುತ್ತದೆ. ಜೋಡೆತ್ತಿನಲ್ಲಿ ಒಂದು ಕುಂಟಿದ ಹಾಗೆ. ಒಂದೇ ಕಂಪನಿ, ಒಂದೇ ವ್ಯಾಟ್ ಅನ್ನುವುದಕ್ಕಿಂತ ಕರೆಂಟ್ ಹತ್ತಿರ ಹತ್ತಿರ ಇರುವುದು ಮುಖ್ಯ.

ಒಂದು ಪ್ಯಾನಲ್‌ನಲ್ಲಿ 44ರ ಬದಲು 29 ವೋಲ್ಟ್ ಬಂತು. ಒಳಗೆ ಮೂರು ಡಯೋಡ್ ಇರುತ್ತವೆ. ಒಂದು ಕೆಟ್ಟು ಶಾರ್ಟ್ ಆದರೆ ಮೂರನೇ ಒಂದು ಭಾಗ ಹೋಯಿತು ಅಂತ. "ಅರ್ಧ ರೇಟಿಗೆ ಹಾಕ್ಕೊಡ್ತೀನಿ" ಅಂದ. ಬೇಡ ಅಂದೆ. ಗಾಜಿನೊಳಗೆ ಬಸವನಹುಳು ಹರಿದಂತೆ ಗೆರೆ ಕಾಣುವವು ಕೆಲವು ಇದ್ದವು. ಕರೆಂಟ್ ಸರಿಯಾಗಿದ್ದರಿಂದ ಅವನ್ನು ತೆಗೆದುಕೊಂಡೆ. ಆದರೆ ಹಿಂಬದಿಯ ಬಿಳಿ ಹಾಳೆ ಬಿರುಕು ಬಿಟ್ಟಿದ್ದರೆ ವ್ಯಾಟ್ ಎಷ್ಟೇ ಬರಲಿ, ಬಿಟ್ಟುಬಿಡಿ. ಅಲ್ಲಿಂದ ಕರೆಂಟ್ ಸೋರಬಹುದು, ಅದರ ಕೆಳಗೆ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಹೆಂಗಸರು ಸೊಪ್ಪು ಕೀಳುತ್ತಾರೆ. ಬೆರಳಲ್ಲಿ ಉಜ್ಜಿ ನೋಡಿ, ಸುಣ್ಣದ ಹಾಗೆ ಪುಡಿ ಅಂಟಿದರೆ ಹಾಳೆಗೆ ವಯಸ್ಸಾಗಿದೆ ಅಂತ ಅರ್ಥ. ಇನ್ನು ಸೆಲ್ ಚೌಕ ಕಾಣದ, ಪೂರ್ತಿ ಕಪ್ಪು ಗಾಜಿನ ತೆಳು ಪ್ಯಾನಲ್‌ಗಳು ಇನ್ನೂ ಅಗ್ಗಕ್ಕೆ ಸಿಗುತ್ತವೆ. ಅಂಥವುಗಳಲ್ಲಿ ಒಂದು ಜಾತಿಯಲ್ಲಿ ಕ್ಯಾಡ್ಮಿಯಂ ಅನ್ನುವ ವಿಷಲೋಹ ಇರುತ್ತದೆ. ತಿನ್ನುವ ಬೆಳೆಯ ಮೇಲೆ ಒಡೆದ ಗಾಜು ಬೇಡ, ಅದರಲ್ಲೂ ಅಂಥದ್ದು ಬೇಡವೇ ಬೇಡ.

ಹದಿನಾರರ ಜೊತೆ ಎರಡು ಹೆಚ್ಚುವರಿ, ಒಟ್ಟು 18 ಪ್ಯಾನಲ್. ಒಂದಕ್ಕೆ 2,800ರಂತೆ 50,400 ರೂಪಾಯಿ. ಇಲ್ಲೊಂದು ತಲೆನೋವು. 50 ಸಾವಿರ ದಾಟಿದರೆ ಮಾಲು ಸಾಗಿಸಲು ಇ-ವೇ ಬಿಲ್ ಅನ್ನುವ ಜಿಎಸ್‌ಟಿ ಕಾಗದ ಬೇಕು. "ಎರಡು ಬಿಲ್ ಮಾಡ್ತೀನಿ ಸರ್, ಗಾಡಿ ಆರಾಮಾಗಿ ಹೋಗುತ್ತೆ" ಅಂದ. ನಾನು ಒಂದೇ ಬಿಲ್, ಅದರಲ್ಲಿ ಪ್ರತಿ ಪ್ಯಾನಲ್‌ನ ಸೀರಿಯಲ್ ನಂಬರ್, ಜೊತೆಗೆ ಕಾರ್ಖಾನೆಯವರು ಇವನಿಗೆ ಮಾರಿದ ಪತ್ರದ ಪ್ರತಿ, ಇಷ್ಟು ಕೇಳಿದೆ. ಪ್ಯಾನಲ್ ಕಳ್ಳತನ ಈಗ ಹೊಸದೇನಲ್ಲ. ನಾಳೆ ಯಾರಾದರೂ ಬಂದು ಇದು ನಮ್ಮದು ಅಂದರೆ ತೋರಿಸಲು ಕಾಗದ ಇರಬೇಕು. ಆ ಪತ್ರಕ್ಕಾಗಿ ವಾರಗಟ್ಟಲೆ ಕಾದೆ. ಫೋನ್ ಮಾಡಿದರೆ "ನಾಳೆ ಬರುತ್ತೆ" ಅನ್ನುವುದು, ಆಮೇಲೆ ಫೋನೇ ಎತ್ತದಿರುವುದು. ಅಡ್ವಾನ್ಸ್ ಕೊಟ್ಟಾಗಿತ್ತು. ಆ ದಿನಗಳಲ್ಲಿ ನಿದ್ದೆ ಸರಿಯಾಗಿ ಬರಲಿಲ್ಲ. ಕೊನೆಗೆ ಕಾಗದ ಬಂತು, ಗಾಡಿ ಬಂತು, ಬಾಡಿಗೆ 6,500.

ಕ್ಯಾಂಟರಿನಲ್ಲಿ ಪ್ಯಾನಲ್‌ಗಳನ್ನು ಮಲಗಿಸಿ ಪೇರಿಸಿದ್ದರು. ನಿಲ್ಲಿಸಿ, ನಡುವೆ ರಟ್ಟು ಕೊಟ್ಟು ಕಟ್ಟಬೇಕು ಅಂತ ಹೇಳಿದ್ದೆ. ಒಂದರ ಗಾಜು ಪುಡಿಯಾಗಿತ್ತು. ಮಾರಿದವನು ಲಾರಿಯವನ ಮೇಲೆ, ಲಾರಿಯವನು ರಸ್ತೆ ಹಂಪಿನ ಮೇಲೆ ಹಾಕಿದ. ಇಳಿಸುವ ಮೊದಲೇ ಫೋಟೊ ತೆಗೆದಿದ್ದಕ್ಕೆ ಅಷ್ಟು ದುಡ್ಡು ಕಳೆದುಕೊಟ್ಟರು.

ಈಗ ಚಪ್ಪರದ ಕಥೆ. ನಮ್ಮಲ್ಲಿ ಹಳೇ ದ್ರಾಕ್ಷಿ ಚಪ್ಪರದ ಕಲ್ಲು ಕಂಬಗಳು ಸಾಲಾಗಿ ನಿಂತಿವೆ. ಅದರ ಮೇಲೇ ಕೂರಿಸಿದರೆ ಖರ್ಚೇ ಇಲ್ಲ ಅಂತ ಊರೆಲ್ಲ ಹೇಳಿತು. ವೆಲ್ಡಿಂಗ್ ಶಾಪಿನವನು ನೋಡಿ, "ಅಣ್ಣಾ, ಭಾರಕ್ಕೇನೂ ತೊಂದರೆ ಇಲ್ಲ. ಗಾಳಿ ಎತ್ತುತ್ತೆ. ಕಲ್ಲಿಗೆ ಬೋಲ್ಟ್ ಹೊಡೆದ್ರೆ ಸೀಳುತ್ತೆ" ಅಂದ. ಅವನ ಮಾತು ನಿಜ. ಕಟ್ಟಡದ ಮೇಲೆ ಬೀಳುವ ಗಾಳಿಯ ಲೆಕ್ಕಕ್ಕೆ ಬಳಸುವ ಐಎಸ್ 875 ಮಾನದಂಡ ಬೆಂಗಳೂರಿಗೆ ಹೇಳುವ ಗಾಳಿ ಸೆಕೆಂಡಿಗೆ 33 ಮೀಟರ್. ಆ ಲೆಕ್ಕದಲ್ಲಿ ಒಂದು ಪ್ಯಾನಲ್ ಮೇಲೆ ಬೀಳುವ ಬಲ 120–130 ಕೆಜಿಯಷ್ಟಾಗುತ್ತದೆ. ಪ್ಯಾನಲ್ ತೂಕ 22 ಕೆಜಿ. ಹಾರಿಹೋಗದಂತೆ ಹಿಡಿದಿಡುವುದೇ ಚಪ್ಪರದ ಕೆಲಸ.

ಫೇಲಾದ ನಮ್ಮ ಹಳೇ ಬೋರ್‌ವೆಲ್‌ನ ಕೇಸಿಂಗ್ ಪೈಪ್ ಬಿದ್ದಿತ್ತು. ಸಾಲದಿದ್ದಕ್ಕೆ ಗುಜರಿಯಿಂದ ಇನ್ನಷ್ಟು ತಂದು ಅವನ್ನೇ ಕಂಬ ಮಾಡಿದೆವು. ಮೂರು ಅಡಿ ಗುಂಡಿ, ಕಾಂಕ್ರೀಟ್. ಪ್ಯಾನಲ್‌ನ ಕೆಳ ಅಂಚು ನೆಲದಿಂದ ಎಂಟು ಅಡಿ. ಕಡಿಮೆ ಮಾಡಿದರೆ ಕಬ್ಬಿಣ ಉಳಿಯುತ್ತದೆ ನಿಜ, ಆದರೆ ಸೊಪ್ಪಿನ ಕುಕ್ಕೆ ತಲೆ ಮೇಲೆ ಹೊತ್ತು ಓಡಾಡುವವರಿಗೆ ಬಡಿಯುತ್ತದೆ. ನಮ್ಮ ಕಡೆ ದಕ್ಷಿಣಕ್ಕೆ 13 ಡಿಗ್ರಿ ಬಾಗಿಸಿದರೆ ಸರಿ. ಪ್ಯಾನಲ್‌ಗಳನ್ನು ಒತ್ತೊತ್ತಾಗಿ ಕೂರಿಸಲಿಲ್ಲ. ಒಂದು ಪ್ಯಾನಲ್, ಒಂದು ಪ್ಯಾನಲ್ ಅಗಲದ ಖಾಲಿ ಜಾಗ, ಮತ್ತೆ ಒಂದು ಪ್ಯಾನಲ್. ಎಂಟೆಂಟರ ಎರಡು ಸಾಲು. ಹೀಗಿದ್ದರೆ ನೆರಳು ಒಂದೇ ಗಿಡದ ಮೇಲೆ ನಿಲ್ಲುವುದಿಲ್ಲ, ಹೊತ್ತು ಸರಿದಂತೆ ಸರಿಯುತ್ತದೆ. ಒಟ್ಟು ಒಂದೂವರೆ ಗುಂಟೆ ಜಾಗ ಚಪ್ಪರದ ಕೆಳಗೆ ಬಂತು.

ಬಿಲ್ ನೋಡಿ ಎದೆ ಧಸಕ್ ಅಂದಿತು. ಕಬ್ಬಿಣ, ವೆಲ್ಡಿಂಗ್, ಬಣ್ಣ ಸೇರಿ 71,000. ತಳಪಾಯಕ್ಕೆ 14,000. ಅಂದರೆ ಪ್ಯಾನಲ್‌ಗಿಂತ ಜಾಸ್ತಿ. ಹೊಸ ಕಂಟ್ರೋಲರ್ 21,000. ಇದನ್ನು ಮಾತ್ರ ಹಳೇದು ತರಬೇಡಿ. ಡಿಸಿ ವೈರು, ಕನೆಕ್ಟರು, ಫ್ಯೂಸು, ಸರ್ಜ್ ರಕ್ಷಣೆ ಇರುವ ಡಬ್ಬಿ 11,500. ಅರ್ಥಿಂಗ್, ಮಿಂಚು ತಡೆ 7,000. ಮೋಟರು ನನ್ನ ಹತ್ತಿರ ಇದ್ದದ್ದೇ.

ವೈರಿಂಗ್ ದಿನ ಕಟ್ಟುನಿಟ್ಟಾಗಿ ಒಂದು ಮಾಡಿ. ಬೆಳಕು ಹರಿಯುವ ಮೊದಲು, ಇಲ್ಲವೇ ಪ್ಯಾನಲ್ ಮೇಲೆ ಟಾರ್ಪಾಲು ಹೊದಿಸಿ ಜೋಡಿಸಿ. ಬಿಸಿಲಿರುವವರೆಗೆ ಪ್ಯಾನಲ್ ಆಫ್ ಆಗುವುದಿಲ್ಲ. ಹದಿನಾರು ಸೇರಿದರೆ 700 ವೋಲ್ಟ್ ಡಿಸಿ, ಮನೆ ಕರೆಂಟಿನ ಹಾಗಲ್ಲ. ಬಿಚ್ಚಿದಾಗ ಹೊತ್ತಿಕೊಂಡ ಕಿಡಿ ಆರುವುದಿಲ್ಲ. ಹಳೇ ಪ್ಯಾನಲ್‌ಗಳನ್ನು ಇಳಿಸುವಾಗ ವೈರ್ ಕತ್ತರಿಸಿರುತ್ತಾರೆ, ತುದಿಗೆ ಹೊಸ ಕನೆಕ್ಟರ್ ಹಾಕಬೇಕಾಗುತ್ತದೆ. ಪ್ಯಾನಲ್ ವೈರ್ ಜೋಡಿಸುವ ಎಂಸಿ4 ಕನೆಕ್ಟರ್ ಬೇರೆ ಬೇರೆ ಕಂಪನಿಯದು ಒಂದಕ್ಕೊಂದು ಸಿಕ್ಕಿಸಿದರೆ ಕೂತಂತೆ ಕಂಡರೂ ಒಳಗೆ ಬಿಸಿಯಾಗುತ್ತದೆ. ಎರಡೂ ಬದಿ ಒಂದೇ ಕಂಪನಿಯದು ಹಾಕಿಸಿ. ಕರೆಂಟ್ ಮತ್ತು ಸೋಲಾರ್ ಎರಡರಲ್ಲೂ ಅದೇ ಮೋಟರ್ ಓಡಿಸುವುದಾದರೆ ನಡುವೆ ಚೇಂಜ್ ಓವರ್ ಸ್ವಿಚ್ ಕಡ್ಡಾಯ.

ಮೊದಲ ದಿನ ಹತ್ತು ಗಂಟೆಗೆ ನೀರು ಬಂತು. ಮನೆಯವಳು ಡ್ರಿಪ್ ಪೈಪಿನ ತುದಿ ಬಿಚ್ಚಿ ಕೈ ಒಡ್ಡಿ ನೋಡಿದಳು. ಏನೂ ಹೇಳಲಿಲ್ಲ, ನಕ್ಕಳು. ನನಗೆ ಅಷ್ಟು ಸಾಕಾಗಿತ್ತು.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಮಂಜು ಬಿದ್ದ ಬೆಳಿಗ್ಗೆಗಳಲ್ಲಿ ಕಂಟ್ರೋಲರ್ ಫಾಲ್ಟ್ ತೋರಿಸಿ ನಿಲ್ಲುತ್ತಿತ್ತು. ಬಿಸಿಲೇರಿ ಎಲ್ಲ ಒಣಗಿದ ಮೇಲೆ ಏನೂ ಆಗದವರ ಹಾಗೆ ಓಡುತ್ತಿತ್ತು. ಕಂಟ್ರೋಲರ್ ಕಂಪನಿಯವರು ಪ್ಯಾನಲ್ ಹಳೇದು ಅಂದರು, ಪ್ಯಾನಲ್ ಮಾರಿದವನು ಕಂಟ್ರೋಲರ್ ಸರಿ ಇಲ್ಲ ಅಂದ. ಕೊನೆಗೆ ಮೆಗ್ಗರ್ ಹುಡುಗ ಒಂದೊಂದೇ ಪ್ಯಾನಲ್ ಬಿಡಿಸಿ, ನೀರು ಚಿಮುಕಿಸಿ, ಚೌಕಟ್ಟಿಗೂ ವೈರಿಗೂ ನಡುವೆ ಅಳೆದ. ಒಂದರಲ್ಲಿ ಹಿಂಬದಿ ಡಬ್ಬಿಯ ಅಂಚಿನಲ್ಲಿ ಕಣ್ಣಿಗೆ ಕಾಣದ ಸೀಳು. ಒಣಗಿದ್ದಾಗ ಗೋಡೌನಿನಲ್ಲಿ ಪಾಸಾಗಿತ್ತು. ಹೆಚ್ಚುವರಿ ಪ್ಯಾನಲ್ ಅಲ್ಲಿ ಕೂತಿತು, ಫಾಲ್ಟ್ ನಿಂತಿತು. ನೀವು ಖರೀದಿಸುವ ಜಾಗದಲ್ಲೇ ಒದ್ದೆ ಮಾಡಿ ಮೆಗ್ಗರ್ ಹಾಕಿಸಿ. ಇಷ್ಟು ದೊಡ್ಡ ಪ್ಯಾನಲ್‌ಗೆ 20 ಮೆಗಾಓಮ್‌ಗಿಂತ ಕಡಿಮೆ ಬಂದರೆ ಬೇಡ. ಮಾರುವವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಬೆಳೆಯ ವಿಷಯಕ್ಕೆ ಬಂದರೆ, ನೆರಳು ಎಲ್ಲಿ ಬೀಳುತ್ತದೆ ಅನ್ನುವುದನ್ನು ನೋಡಿ ಮಡಿ ಮಾಡಿ, ಪ್ಯಾನಲ್ ಎಲ್ಲಿದೆ ಅನ್ನುವುದನ್ನಲ್ಲ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಎಂಟು ಅಡಿ ಎತ್ತರದ ಪ್ಯಾನಲ್‌ನ ನೆರಳು ಮಧ್ಯಾಹ್ನ ಸುಮಾರು ಆರು ಅಡಿ ಉತ್ತರಕ್ಕೆ ಬೀಳುತ್ತದೆ. ಸುಣ್ಣದ ಪುಡಿ ಹಾಕಿ ಗುರುತು ಮಾಡಿದ್ದೆ. ಏಪ್ರಿಲ್ ಹೊತ್ತಿಗೆ ಆ ಗುರುತು ಪೂರ್ತಿ ಬಿಸಿಲಲ್ಲಿತ್ತು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಶೂನ್ಯ ನೆರಳು ದಿನ ಅಂತ ಶಾಲೆ ಮಕ್ಕಳೂ ನೋಡುತ್ತಾರಲ್ಲ. ಆಗ ನೆರಳು ಸರಿಯಾಗಿ ಪ್ಯಾನಲ್ ಕೆಳಗೇ. ಅದಕ್ಕೇ ಡ್ರಿಪ್‌ನ ಸಣ್ಣ ಪೈಪುಗಳನ್ನು ಎಳೆದು ಸರಿಸುವಂತೆ ಬಿಟ್ಟಿದ್ದೇನೆ. ಸೊಪ್ಪಿನ ಮಡಿ ಬೇಸಿಗೆಯಲ್ಲಿ ಕೆಳಗೆ, ಚಳಿಗಾಲದಲ್ಲಿ ಸೊಪ್ಪಿಗೆ ನೆರಳೇ ಬೇಕಿಲ್ಲ, ಎಲ್ಲಾದರೂ ಸರಿ.

ಗೆದ್ದದ್ದು ಕೊತ್ತಂಬರಿ. ಮಾರ್ಚ್‌ನಿಂದ ಮೇವರೆಗೆ ಬಯಲಲ್ಲಿ ಹಾಕಿದ್ದು ಬೇಗ ಹೂವಿಗೆ ಬಂದು ಒರಟಾಯಿತು. ಚಪ್ಪರದ ಕೆಳಗಿನದು ಎಲೆ ಅಗಲವಾಗಿ, ಮೆತ್ತಗೆ, ಇನ್ನಷ್ಟು ದಿನ ನಿಂತಿತು. ಬೇಸಿಗೆಯಲ್ಲಿ ಮಂಡಿಯಲ್ಲಿ ಕೊತ್ತಂಬರಿಗೆ ರೇಟೂ ಇರುತ್ತದೆ. ಪಾಲಕ್, ಸಬ್ಬಸಿಗೆ ಚೆನ್ನಾಗಿ ಬಂದವು. ಮೆಂತ್ಯ ಪರವಾಗಿಲ್ಲ. ನೀರು ಬಿಡುವ ಅಂತರವೂ ಹೆಚ್ಚಿತು, ನೆಲ ಬೇಗ ಒಣಗುವುದಿಲ್ಲ. ಪರೀಕ್ಷೆಗೆಂದು ಒಂದು ಸಾಲು ಟೊಮೆಟೊ ಹಾಕಿದ್ದೆ. ಗಿಡ ಬಿಸಿಲು ಹುಡುಕಿಕೊಂಡು ಉದ್ದಕ್ಕೆ ಏರಿತು, ಕಾಯಿ ಕಡಿಮೆ. ಟೊಮೆಟೊ ಸಸಿ ಮಡಿಗೆ ಮಾತ್ರ ಈ ಜಾಗ ಬಹಳ ಒಳ್ಳೆಯದು. ಸೊಪ್ಪಿಗೆ ಚಪ್ಪರ, ಕಾಯಿಗೆ ಬಯಲು ಅಂತ ಈಗ ಮಾಡಿಕೊಂಡಿದ್ದೇನೆ.

ಆಷಾಢದ ಗಾಳಿಗೆ ಎರಡು ರಾತ್ರಿ ಟಾರ್ಚ್ ಹಿಡಿದು ಹೊಲದಲ್ಲೇ ಕೂತಿದ್ದೆ. ಚಪ್ಪರ ಅಲುಗಲಿಲ್ಲ. ಬೋಲ್ಟ್‌ಗಳು ಮಾತ್ರ ಅಲ್ಲಲ್ಲಿ ಸಡಿಲವಾಗಿದ್ದವು. ಸ್ಪ್ರಿಂಗ್ ವಾಷರ್ ಹಾಕಿಸಿ ಮತ್ತೆ ಬಿಗಿ ಮಾಡಿಸಿದೆ.

ಯಾರೂ ಮೊದಲೇ ಹೇಳದೇ ಹೋದದ್ದು ಮಳೆಯ ವಿಷಯ. ಪ್ಯಾನಲ್ ಮೇಲೆ ಬಿದ್ದ ನೀರೆಲ್ಲ ಕೆಳ ಅಂಚಿನಿಂದ ಒಂದೇ ಗೆರೆಯಲ್ಲಿ ಎಂಟು ಅಡಿಯಿಂದ ಬೀಳುತ್ತದೆ. ಒಂದು ಜೋರು ಮಳೆಗೆ ಮಡಿಯಲ್ಲಿ ಕಾಲುವೆ ಬಿತ್ತು, ಎಳೆ ಕೊತ್ತಂಬರಿ ಮಣ್ಣಲ್ಲಿ ಹೂತುಹೋಯಿತು. ನಾಲ್ಕು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ದೋಣಿ ಮಾಡಿ ಅಂಚಿಗೆ ಕಟ್ಟಿ, ನೀರನ್ನು ಹೊಂಡಕ್ಕೆ ತಿರುಗಿಸಿದೆ. 3,200 ರೂಪಾಯಿ. ಹದಿನಾರು ಪ್ಯಾನಲ್ ಅಂದರೆ 31 ಚದರ ಮೀಟರ್. 20 ಮಿಲಿಮೀಟರ್ ಮಳೆಗೆ 600 ಲೀಟರ್ ಹೊಂಡ ಸೇರುತ್ತದೆ. ಮಳೆಗಾಲದಲ್ಲಿ ನೆರಳಿನ ಜಾಗ ಬೇಗ ಒಣಗದೆ ಎಲೆ ಚುಕ್ಕೆ, ಬಸವನಹುಳು ಎರಡೂ ಬಂದವು. ಆಗ ಬೀಜ ತೆಳ್ಳಗೆ ಚೆಲ್ಲಿ, ಮಡಿ ಎತ್ತರ ಮಾಡಿ.

ಪ್ಯಾನಲ್ ತೊಳೆಯಲು ಬೋರ್‌ವೆಲ್‌ನ ಗಡಸು ನೀರು ಹಾಕಿ ಹಾಗೇ ಬಿಟ್ಟರೆ ಬಿಳಿ ಕಲೆ ಕೂರುತ್ತದೆ. ಹೊಂಡದ ಮಳೆನೀರು ಒಳ್ಳೆಯದು. ಬೆಳಿಗ್ಗೆ ಬೇಗ ತೊಳೆಯಿರಿ, ಕಾದ ಗಾಜಿಗೆ ತಣ್ಣೀರು ಹೊಡೆಯಬೇಡಿ.

ಒಡೆದ ಪ್ಯಾನಲ್‌ಗೆ ಕಳೆದುಕೊಟ್ಟದ್ದನ್ನು ಲೆಕ್ಕಕ್ಕೆ ಹಿಡಿಯದೆ ಒಟ್ಟು ಖರ್ಚು 1,84,600 ಬಂತು. ಸೊಪ್ಪಿನಿಂದಲೇ ಇದು ಬೇಗ ವಾಪಸ್ ಬರುತ್ತದೆ ಅಂತ ಯಾರಿಗೂ ಹೇಳಲಾರೆ. ಒಂದೂವರೆ ಗುಂಟೆ ಅಷ್ಟೇ. ನನಗೆ ಉಳಿತಾಯ ಬಂದದ್ದು ಹಗಲು ನೀರು ಸಿಕ್ಕಿದ್ದರಿಂದ, ಉಳಿದ ಎಕರೆಯ ಬೀನ್ಸ್ ಮತ್ತು ಟೊಮೆಟೊ ಬಾಡದೆ ನಿಂತಿದ್ದರಿಂದ. ಚಿನ್ನದ ಸಾಲ ಅರ್ಧ ತೀರಿದೆ.

ಒಡೆದ ಆ ಪ್ಯಾನಲ್, ಮತ್ತು ಸೀಳು ಬಿಟ್ಟದ್ದು, ಎರಡೂ ಇನ್ನೂ ಶೆಡ್ಡಿನಲ್ಲೇ ಇವೆ. ಗುಜರಿಯವನು ಅಲ್ಯೂಮಿನಿಯಂ ಚೌಕಟ್ಟು ಕೊಡಿ, ಗಾಜು ನೀವೇ ಇಟ್ಟುಕೊಳ್ಳಿ ಅನ್ನುತ್ತಾನೆ. ಬೆಸುಗೆಯಲ್ಲಿ ಸೀಸ ಇರುವುದರಿಂದ ಹೊಲದ ಮೂಲೆಯಲ್ಲಿ ಹೂಳುವ ಹಾಗಿಲ್ಲ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಲ್ಲಿ ಸೋಲಾರ್ ಪ್ಯಾನಲ್ಲೂ ಸೇರಿದೆ, ನೋಂದಾಯಿತ ರೀಸೈಕಲ್ ಮಾಡುವವರಿಗೆ ಕೊಡುವುದೇ ಸರಿ. ಎರಡೇ ಎರಡು ಪ್ಯಾನಲ್‌ಗೆ ಅವರು ಗಾಡಿ ಕಳಿಸುವುದಿಲ್ಲ. ಪಕ್ಕದ ಹಳ್ಳಿಯಲ್ಲಿ ಇನ್ನೊಬ್ಬರು ಇದೇ ಕೆಲಸ ಶುರು ಮಾಡಿದ್ದಾರೆ. ಅವರ ಹತ್ತಿರವೂ ಒಡೆದವು ಇವೆ. ಇಬ್ಬರದ್ದೂ ಸೇರಿಸಿ ಒಟ್ಟಿಗೆ ಸಾಗಿಸೋಣ ಅಂತ ಮಾತಾಡಿಕೊಂಡಿದ್ದೇವೆ. ಅಲ್ಲಿಯವರೆಗೆ ಮಳೆ ತಾಗದಂತೆ ಟಾರ್ಪಾಲು ಸುತ್ತಿ ಇಟ್ಟಿದ್ದೇನೆ. ನೀವು ಕೊಳ್ಳುವಾಗಲೇ "ಕೆಟ್ಟರೆ ವಾಪಸ್ ತಗೊಳ್ತೀರಾ?" ಅಂತ ಕೇಳಿ, ಒಪ್ಪಿದರೆ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.